ಇಲಿ ಸತ್ತದ್ದೇಕೆ ಎಂದು ಹೇಳುವವರು

ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜು ಇದೆ. ಅಲ್ಲಿನ ರೋಗಶಾಸ್ತ್ರವೆಂದರೆ ಸತ್ತ ಕುರಿ, ಕೋಳಿಗಳ ಮರಣೋತ್ತರ ಪರೀಕ್ಷೆಯಷ್ಟೇ ಅಲ್ಲ. ಈ ವಿದ್ಯೆ ಕಲಿತವರು ಸಂಶೋಧನಾ ಸಂಸ್ಥೆಗಳ ಪ್ರಾಣಿಶಾಲೆಗೂ ಬೇಕು.

ಅಲ್ಲಿ ಹೊಸ ಔಷಧ ಕೊಟ್ಟ ಇಲಿಯ ಯಕೃತ್ತನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಕೂರಿಸಿ, ನಾಲ್ಕೈದು ಮೈಕ್ರಾನ್ ದಪ್ಪಕ್ಕೆ ಕೊಯ್ದು ಬಣ್ಣ ಹಾಕುತ್ತಾರೆ. ಸೂಕ್ಷ್ಮದರ್ಶಕದಡಿ ಕೋಶಕೇಂದ್ರ ನೀಲಿ, ಸುತ್ತಲಿನದು ಗುಲಾಬಿ. ಕಂಡ ಹಾನಿ ಔಷಧದ್ದೋ, ಪಂಜರದಲ್ಲಿ ಹರಡಿದ ಸೋಂಕಿನದ್ದೋ? ತೀರ್ಪು ತಪ್ಪಿದರೆ ಇಡೀ ಪ್ರಯೋಗ ವ್ಯರ್ಥ, ಹೋದ ಜೀವಗಳೂ ವ್ಯರ್ಥ.

ಈ ರೋಗಶಾಸ್ತ್ರಜ್ಞರು ವಿಭಾಗದ ಮುಖ್ಯಸ್ಥರಾದ ಮೇಲೆ ಸ್ಲೈಡಿಗಿಂತ ಮಾತುಕತೆಯೇ ಜಾಸ್ತಿ: ಕಿರಿಯರಿಗೆ ತರಬೇತಿ, ಸಂಶೋಧಕರೊಂದಿಗೆ ವಾದ. ಭಾರತದಲ್ಲಿ ಇಂಥ ಪ್ರಯೋಗಕ್ಕೆ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು; ಸಮಿತಿಯಲ್ಲಿ ಪಶುವೈದ್ಯರು ಇರಲೇಬೇಕು. ಇಷ್ಟು ಇಲಿ ಯಾಕೆ ಬೇಕು ಎಂದು ಅವರು ಕೇಳಿದರೆ, ಸಂಶೋಧಕರು ಲೆಕ್ಕ ಕೊಡಲೇಬೇಕು.