ಕಾಗುಣಿತಕ್ಕೆ ಮೊದಲು ಅಜ್ಜಿಯ ಫೋನು

ಶನಿವಾರ ಬೆಳಿಗ್ಗೆ ಇಲ್ಲಿ ಹತ್ತು ಗಂಟೆಯಾದಾಗ ಊರಿನಲ್ಲಿ ರಾತ್ರಿ ಏಳೂವರೆ, ಚಳಿಗಾಲವಾದರೆ ಎಂಟೂವರೆ. ವಾಷಿಂಗ್ಟನ್, ಅಟ್ಲಾಂಟಾ, ಕೆರೊಲಿನಾ, ಎಲ್ಲ ಕಡೆಯೂ ಒಂದೇ ಹೊತ್ತು. ಅಜ್ಜ ಅಜ್ಜಿಯರಿಗೆ ವಿಡಿಯೊ ಕರೆ ಹೋಗುವುದು ಆಗಲೇ. 'ಊಟ ಆಯ್ತಾ ಪುಟ್ಟಾ?' ಎಂದು ಅತ್ತಲಿಂದ ಕೇಳಿದರೆ, ಮೊಮ್ಮಗು 'ಹ್ಞೂಂ' ಎಂದು ಫೋನನ್ನು ಅಮ್ಮನ ಕೈಗಿಟ್ಟು ಓಡುತ್ತದೆ. ಮಗುವಿಗೆ ಪ್ರೀತಿ ಕಡಿಮೆಯಲ್ಲ, ಮಾತು ಸಾಲದು.

ಇಲ್ಲಿ ಕನ್ನಡ ಸಂಘಟನೆ ಹೊಸದೇನಲ್ಲ. ವಾಷಿಂಗ್ಟನ್ ಪ್ರದೇಶದ 'ಕಾವೇರಿ', ಅಟ್ಲಾಂಟಾದ 'ನೃಪತುಂಗ ಕನ್ನಡ ಕೂಟ' ಎರಡೂ 1970ರ ದಶಕದಷ್ಟು ಹಳೆಯವು. 2006ರ ಅಕ್ಕ ಸಮ್ಮೇಳನ ಬಾಲ್ಟಿಮೋರ್‌ನಲ್ಲಿ, 2015ರ ನಾವಿಕ ಸಮ್ಮೇಳನ ನಾರ್ತ್ ಕೆರೊಲಿನಾದ ರಾಲೀಯಲ್ಲಿ, 2024ರ ಅಕ್ಕ ಸಮ್ಮೇಳನ ವರ್ಜೀನಿಯಾದ ರಿಚ್ಮಂಡ್‌ನಲ್ಲಿ ನಡೆದವು. ಸಮ್ಮೇಳನ ಮುಗಿದ ಮೇಲೂ ವರ್ಷವಿಡೀ ನಡೆಯಬೇಕಾದದ್ದು ವಾರಾಂತ್ಯದ ಕನ್ನಡ ತರಗತಿ. ಕಲಿಸುವವರು ವಾರವೆಲ್ಲ ಕಚೇರಿಯಲ್ಲಿ ದುಡಿಯುವ ನಮ್ಮಂಥ ಪಾಲಕರೇ. ಸಂಬಳವಿಲ್ಲ, ಪರೀಕ್ಷೆಯಿಲ್ಲ, ಬರಲೇಬೇಕೆಂಬ ಕಟ್ಟುಪಾಡೂ ಇಲ್ಲ.

ಮೊದಮೊದಲು ನಾವು ತಪ್ಪಿದ್ದು ಇಲ್ಲೇ. ನಾವು ಕಲಿತಂತೆಯೇ ಕಲಿಸಹೊರಟೆವು: 49 ಅಕ್ಷರ, ಆಮೇಲೆ ಕಾಗುಣಿತ, ಆಮೇಲೆ ಒತ್ತಕ್ಷರ. ಒತ್ತಕ್ಷರಕ್ಕೆ ಬರುವಷ್ಟರಲ್ಲಿ ಮಕ್ಕಳು ಫುಟ್‌ಬಾಲ್‌ಗೆ ಹೋಗಿದ್ದರು! ಬೈದು ಕರೆತಂದರೆ ಕನ್ನಡವೇ ಶಿಕ್ಷೆಯಾಯಿತು.

ಈಗ ಪಾಠ ಶುರುವಾಗುವುದು ಮಗುವಿನಿಂದ. 'ಊರಿನಲ್ಲಿ ಯಾರ ಜೊತೆ ಮಾತಾಡಬೇಕು? ಏನು ಕೇಳಬೇಕು?' ಎಂದು ವಿಚಾರಿಸುತ್ತೇವೆ. ಒಬ್ಬಳಿಗೆ ಅಜ್ಜಿಯ ಹುಳಿಯ ಪಾಕ ಬೇಕು, ಇನ್ನೊಬ್ಬನಿಗೆ ತಾತನ ಎಮ್ಮೆಯ ಸುದ್ದಿ. ಬೇಕಾದ ನಾಲ್ಕು ಮಾತು ಕಲಿತು, ಫೋನು ಮಾಡಿ, ಮುಂದಿನ ವಾರ ಬಂದು ಹೇಳಬೇಕು. ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುತ್ತಾರೆ. ಯೂರೋಪಿನ ಯುವಜನ ಕಾರ್ಯಕ್ರಮಗಳಲ್ಲಿ 2007ರಿಂದ 'ಯೂತ್‌ಪಾಸ್' ಎಂಬ ಪ್ರಮಾಣಪತ್ರವಿದೆ. ಶಾಲೆಯ ಹೊರಗೆ ತಾವೇನು ಕಲಿತೆವೆಂಬುದನ್ನು ಅದರಲ್ಲಿ ಕಲಿತವರೇ ಬರೆಯುತ್ತಾರೆ. ನಾವೂ ಅಂಕ ಬಿಟ್ಟು ಮಕ್ಕಳಿಂದಲೇ ಬರೆಸುತ್ತೇವೆ. ಒಂದು ಚೀಟಿಯಲ್ಲಿ ಹೀಗಿತ್ತು: 'ಅಜ್ಜಿ ನಕ್ಕರು. ನಾನು ಹೇಳಿದ ಜೋಕಿಗೆ.'

ಅಕ್ಷರ ಬೇಡವೆಂದಲ್ಲ. ಎರಡು ಭಾಷೆಗಳಲ್ಲಿ ಓದಿ, ಬರೆದು, ಮಾತಾಡಬಲ್ಲ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ವಿಶೇಷ ಮನ್ನಣೆ ನೀಡುವ ಪದ್ಧತಿ ಮೇರಿಲ್ಯಾಂಡ್, ವರ್ಜೀನಿಯಾ, ಜಾರ್ಜಿಯಾ ರಾಜ್ಯಗಳಲ್ಲಿದೆ. ಅಜ್ಜಿಯ ಪಾಕವನ್ನು ಬರೆದಿಟ್ಟುಕೊಳ್ಳಬೇಕು ಎನಿಸಿದ ಮಗು ಕಾಗುಣಿತವನ್ನು ತಾನಾಗಿಯೇ ಕೇಳುತ್ತದೆ.

ಊರಿನಲ್ಲಿರುವ ಹಿರಿಯರಲ್ಲಿ ನಮ್ಮದೊಂದು ಕೋರಿಕೆ. ಮೊಮ್ಮಕ್ಕಳು 'ಅಜ್ಜಿ ಬಂದ' ಎಂದರೆ ನಗಬೇಡಿ. 'ಹೌದು ಪುಟ್ಟಾ, ಅಜ್ಜಿ ಬಂದಳು' ಎಂದು ಮಾತು ಮುಂದುವರಿಸಿ. ಅವರಿಗಾಗಿ ಇಂಗ್ಲಿಷಿಗೆ ಹೊರಳಬೇಡಿ. 'ಊಟ ಆಯ್ತಾ?' ಎಂದರೆ ಉತ್ತರ ಒಂದೇ ಪದ. 'ಡಬ್ಬಿಗೆ ಏನು ಹಾಕಿಸ್ಕೊಂಡು ಹೋಗಿದ್ದೆ?' ಎಂದು ಕೇಳಿದರೆ ಮಾತು ಬೆಳೆಯುತ್ತದೆ. ಮಗನ ಮನೆಗೋ ಮಗಳ ಮನೆಗೋ ಬಂದಾಗ ಒಂದು ಶನಿವಾರ ತರಗತಿಗೂ ಬನ್ನಿ. ಪುಸ್ತಕ ತರಬೇಕಾಗಿಲ್ಲ, ನಿಮ್ಮ ಬಾಲ್ಯದ ಒಂದು ಕಥೆ ಸಾಕು.