ಎರವಲು ತಂದ ನಾಳೆ

ಇಂಗ್ಲಿಷ್ ವ್ಯಾಕರಣ ಕಲಿಸುವವರು ಬಹುಕಾಲದಿಂದ ಹೇಳುತ್ತ ಬಂದಿರುವ ಕಥೆಯೊಂದುಂಟು. ಪರದೇಶದವನೊಬ್ಬನು ಲಂಡನ್ನಿನ ಥೇಮ್ಸ್ ನದಿಯಲ್ಲಿ ಕಾಲುಜಾರಿ ಬಿದ್ದನಂತೆ. ಈಜು ಬಾರದು. "ಐ ವಿಲ್ ಡ್ರೌನ್, ನೋಬಡಿ ಶಾಲ್ ಸೇವ್ ಮಿ!" ಎಂದು ಕೂಗಿಕೊಂಡನಂತೆ. ದಡದಲ್ಲಿದ್ದ ಆಂಗ್ಲರು ಟೋಪಿ ತೆಗೆದು, ತಲೆಬಾಗಿ, ತಮ್ಮ ಪಾಡಿಗೆ ಹೊರಟುಹೋದರಂತೆ. 'ಮುಳುಗುತ್ತೇನೆ, ಕಾಪಾಡುವವರು ಯಾರೂ ಇಲ್ಲ' ಎಂಬುದು ಅವನ ಗೋಳು. ಅವರಿಗೆ ಕೇಳಿಸಿದ್ದು 'ಮುಳುಗಿಯೇ ತೀರುತ್ತೇನೆ, ಯಾರೂ ಕಾಪಾಡಕೂಡದು' ಎಂಬ ಸಂಕಲ್ಪ!

ಕಥೆಯೇನೋ ಕಟ್ಟುಕಥೆ. ಆದರೆ ಅದರ ಹಿಂದಿರುವ ಸೂತ್ರ ನಿಜವಾದದ್ದು. ಜಾನ್ ವಾಲಿಸ್ ಎಂಬ ವಿದ್ವಾಂಸನು 1653ರಲ್ಲಿ ಪರದೇಶೀಯರ ಉಪಯೋಗಕ್ಕಾಗಿ ಲ್ಯಾಟಿನ್ ಭಾಷೆಯಲ್ಲಿ ಇಂಗ್ಲಿಷ್ ವ್ಯಾಕರಣವೊಂದನ್ನು ಬರೆದನು. ಉತ್ತಮ ಪುರುಷದಲ್ಲಿ 'ಶಾಲ್' ಎಂದರೆ ಬರಿಯ ಭವಿಷ್ಯ, 'ವಿಲ್' ಎಂದರೆ ವಾಗ್ದಾನ ಅಥವಾ ಬೆದರಿಕೆ. ಉಳಿದೆರಡು ಪುರುಷಗಳಲ್ಲಿ ಇದು ತಿರುಗುಮುರುಗು ಎಂದು ಅವನು ವಿಧಿಸಿದನು. ವಾಲಿಸ್ ವೃತ್ತಿಯಿಂದ ಆಕ್ಸ್‌ಫರ್ಡಿನ ಗಣಿತದ ಪ್ರಾಧ್ಯಾಪಕ. ಅನಂತವನ್ನು ಸೂಚಿಸುವ, ಮಲಗಿಸಿದ ಎಂಟರಂತಿರುವ ಚಿಹ್ನೆಯನ್ನು 1655ರಲ್ಲಿ ಬಳಕೆಗೆ ತಂದವನೂ ಅವನೇ. ಅನಂತಕ್ಕೆ ಗುರುತು ಹಾಕಿದವನಿಗೆ ನಾಳೆಗೆ ನಿಯಮ ಹಾಕುವುದು ಅಷ್ಟೇನೂ ಕಷ್ಟವೆನಿಸಿರಲಾರದು! ಅವನ ಸೂತ್ರವನ್ನು ಮುಂದಿನ ಮೂರು ಶತಮಾನಗಳ ವಿದ್ಯಾರ್ಥಿಗಳು, ನಮ್ಮ ನಾಡಿನವರೂ ಸೇರಿ, ಉರುಹೊಡೆದರು. ಜನರ ಬಾಯಿ ಮಾತ್ರ ಸೂತ್ರಕ್ಕೆ ಪೂರ್ತಿಯಾಗಿ ಎಂದೂ ಕಟ್ಟುಬೀಳಲಿಲ್ಲ. ಇಂದು ಎಲ್ಲ ಪುರುಷಗಳಲ್ಲಿಯೂ 'ವಿಲ್' ಒಂದೇ ಸಾಕಾಗಿದೆ.

ಇಷ್ಟೊಂದು ತೊಡಕಿಗೆ ಕಾರಣವೇನು? ಇಂಗ್ಲಿಷಿನಲ್ಲಿ ಭವಿಷ್ಯತ್ಕಾಲದ ಕ್ರಿಯಾರೂಪವೇ ಇಲ್ಲ! 'ಗೋ' ಎಂಬುದಕ್ಕೆ ಭೂತದಲ್ಲಿ 'ವೆಂಟ್' ಉಂಟು. ಭವಿಷ್ಯಕ್ಕೆ ಅಂಥದೊಂದು ಸ್ವಂತ ರೂಪವಿಲ್ಲ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ನಾಳಿನ ಮಾತನ್ನೂ ವರ್ತಮಾನದ ರೂಪದಲ್ಲಿಯೇ ಹೇಳುತ್ತಿದ್ದರು. ಆಗ 'ವಿಲ್' ಎಂದರೆ ಬಯಸು, 'ಶಾಲ್' ಎಂದರೆ ಋಣಿಯಾಗಿರು. ಬಯಕೆ ಹಾಗೂ ಸಾಲ ಇವೆರಡೂ ನಾಳೆಯತ್ತ ಮುಖಮಾಡಿದ ಭಾವಗಳೇ ಅಲ್ಲವೆ? ಭಾಷೆ ಅವನ್ನೇ ಎರವಲು ತಂದುಕೊಂಡಿತು. ಮುಂದೆ 'ಗೋಯಿಂಗ್ ಟು' ಎಂಬ ನಡಿಗೆಯ ಮಾತನ್ನೂ ಇದೇ ಕೆಲಸಕ್ಕೆ ಹಚ್ಚಿತು.

ಹೀಗೆ ಹಲವು ಮನೆಗಳಿಂದ ತಂದ ಪಾತ್ರೆಗಳಾದುದರಿಂದ ಒಂದರಲ್ಲಿ ಬಡಿಸಬೇಕಾದುದನ್ನು ಇನ್ನೊಂದರಲ್ಲಿ ಬಡಿಸಲಾಗದು. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆನ್ನೋಣ. ಜೋಯಿಸರು ಜಾತಕ ನೋಡಿ 'ಶಿ ವಿಲ್ ಮ್ಯಾರಿ ಎ ಡಾಕ್ಟರ್' ಎನ್ನಬಹುದು. ಅದು ಊಹೆ, ನಂಬಿದವರಿಗೆ ಉಂಟು. ಹುಡುಗಿಯೇ 'ಐ ಆಮ್ ಗೋಯಿಂಗ್ ಟು ಮ್ಯಾರಿ ಹಿಮ್' ಎಂದರೆ ಮನಸ್ಸಿನಲ್ಲಿ ತೀರ್ಮಾನವಾಗಿಹೋಗಿದೆ, ತಂದೆತಾಯಿಗಳು ಎಚ್ಚರಗೊಳ್ಳಬೇಕಾದ ಸಮಯ. 'ಶಿ ಈಸ್ ಗೆಟಿಂಗ್ ಮ್ಯಾರೀಡ್ ಇನ್ ಮೇ' ಎಂದರೆ ಎರಡು ಮನೆಗಳವರೂ ಕೂತು ಮಾತನಾಡಿ ಛತ್ರಕ್ಕೆ ಮುಂಗಡ ಕೊಟ್ಟಾಗಿದೆ! ಅದೇ ಮದುವೆಗೆ ಹೊರಡುವ ರೈಲಿನ ವಿಷಯದಲ್ಲಿಯಾದರೋ 'ದ ಟ್ರೈನ್ ಲೀವ್ಸ್ ಅಟ್ ಸಿಕ್ಸ್' ಎಂಬ ಸಾದಾ ವರ್ತಮಾನವೇ ಸಾಕು, ವೇಳಾಪಟ್ಟಿಗೆ ಇಷ್ಟಾನಿಷ್ಟಗಳಿಲ್ಲ. ಇಷ್ಟರಲ್ಲಿ ಬಾಗಿಲು ಬಡಿದ ಸದ್ದಾಗಿ, ಯಾರೋ 'ಐ ವಿಲ್ ಗೋ' ಎಂದು ಎದ್ದರೆ, ಅದು ಆ ಕ್ಷಣದಲ್ಲಿ ಹುಟ್ಟಿದ ನಿರ್ಧಾರ. ಅಲ್ಲಿ 'ಐ ಆಮ್ ಗೋಯಿಂಗ್ ಟು ಗೋ' ಎಂದರೆ ಬಾಗಿಲು ಬಡಿಯುವುದನ್ನೇ ಮೊದಲಿನಿಂದ ಕಾದು ಕುಳಿತಿದ್ದಂತಾಗುತ್ತದೆ.

ಕನ್ನಡಿಗರು ಎಡವುವುದು ಮುಖ್ಯವಾಗಿ ಊಹೆಯ ಮಾತಿನಲ್ಲಿ. ಕಪ್ಪು ಮೋಡ ಕವಿದಿದ್ದರೆ ಆಂಗ್ಲನು 'ಇಟ್ ಈಸ್ ಗೋಯಿಂಗ್ ಟು ರೇನ್' ಎನ್ನುತ್ತಾನೆ. ಸಾಕ್ಷಿ ಕಣ್ಣೆದುರಿಗೇ ಇದೆ. ಸಾಕ್ಷಿಯಿಲ್ಲದೆ ತನ್ನ ಅಭಿಪ್ರಾಯವಾಗಿ ಹೇಳುವಾಗ 'ವಿಲ್' ಬರುತ್ತದೆ. ನಮ್ಮ 'ಮಳೆ ಬಂದೀತು' ಎಂಬುದು ಇವೆರಡೂ ಅಲ್ಲ. ನಮ್ಮ ವೈಯಾಕರಣರು ಸಂಭಾವನಾರ್ಥವೆಂದು ಕರೆದ ಈ ಸೊಗಸಾದ ರೂಪವು ಆಸೆಯನ್ನೂ ಅಳುಕನ್ನೂ ಒಂದೇ ಪದದಲ್ಲಿ ಹಿಡಿದಿಡುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ 'ಮೇ' ಎಂಬ ಬೇರೊಂದು ಸಹಾಯಕವನ್ನು ಕರೆಯಬೇಕು. ಬೀಳ್ಕೊಳ್ಳುವಾಗ ನಾವು ಆಡುವ 'ಬರುತ್ತೇನೆ' ಎಂಬ ಮಂಗಳದ ಮಾತಂತೂ ಇಂಗ್ಲಿಷಿಗೆ ದಾಟುವಂಥದೇ ಅಲ್ಲ. 'ಐ ಆಮ್ ಕಮಿಂಗ್' ಎನ್ನುತ್ತ ಹೊರಟುಹೋದವನನ್ನು ಕಂಡು ಆಂಗ್ಲನು ಬೆರಗಾಗದಿರುವುದೆಂತು?

'ವಿಲ್', 'ಶಾಲ್', 'ಮೇ' ಇವೆಲ್ಲ ಒಂದೇ ಕುಟುಂಬದವು. ಕಾಲಕ್ಕಿಂತ ಹೆಚ್ಚಾಗಿ ಅವು ಹೇಳುವುದು ಮನಸ್ಸನ್ನು, ಕರ್ತವ್ಯವನ್ನು, ಸಂಭವವನ್ನು. ಈ ಸೂಕ್ಷ್ಮವು ಪಾಠಶಾಲೆಯನ್ನು ದಾಟಿ ನಮ್ಮ ಪಾರ್ಲಿಮೆಂಟಿನವರೆಗೂ ಹೋಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಕೇಂದ್ರದ ವ್ಯವಹಾರದಲ್ಲಿ ಇಂಗ್ಲಿಷಿಗೆ ಹದಿನೈದು ವರ್ಷಗಳ ಅವಧಿಯನ್ನು ಕೊಟ್ಟಿತ್ತು. ಆಮೇಲೇನು ಎಂಬ ಪ್ರಶ್ನೆಗೆ ಉತ್ತರವಾಗಿ ಬಂದದ್ದು 1963ರ ಅಧಿಕೃತ ಭಾಷೆಗಳ ಕಾಯಿದೆ. ಹಿಂದಿಯ ಜೊತೆಗೆ ಇಂಗ್ಲಿಷನ್ನು ಬಳಸುತ್ತ ಹೋಗಬಹುದೆಂದು ಅದರಲ್ಲಿ ಬರೆದಿತ್ತು. ಬಳಸಿದ್ದ ಪದ 'ಮೇ'. ಹಿಂದಿಯೇತರ ಪ್ರಾಂತಗಳ ಸದಸ್ಯರು ಬೆಚ್ಚಿದರು. ಬಳಸಬಹುದು ಎಂದರೆ ಬಳಸದೆಯೂ ಇರಬಹುದಲ್ಲವೆ ಎಂಬುದು ಅವರ ಶಂಕೆ. 'ಶಾಲ್' ಎಂದೇ ಬರೆಯಬೇಕೆಂಬುದು ಅವರ ಬೇಡಿಕೆ. ಇಂಗ್ಲಿಷ್ ಮುಂದುವರಿಯುವುದೆಂದೇ ಅದರ ಅರ್ಥವೆಂದು ಪ್ರಧಾನಿ ನೆಹರೂ ಸಮಾಧಾನ ಹೇಳಿದರು. ಅವರು 1964ರ ಮೇ ತಿಂಗಳಲ್ಲಿ ತೀರಿಕೊಂಡರು. ಮಾತು ಕೊಟ್ಟವರು ಹೋದರು, 'ಮೇ' ಉಳಿಯಿತು! 1965ರ ಜನವರಿಯಲ್ಲಿ ಮದರಾಸು ರಾಜ್ಯವು ಹೊತ್ತಿ ಉರಿಯಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಪ್ರಾಣಗಳು ಹೋದವು. ಆ ಬೆಂಕಿಗೆ ಒಂದೇ ಪದ ಕಾರಣವೆನ್ನುವುದು ಅತಿಶಯೋಕ್ತಿ. ಆದರೆ ಪದವು ಬಿಗಿಯಾಗಿದ್ದಿದ್ದರೆ ಭಯವು ಅಷ್ಟು ಸಡಿಲವಾಗಿ ಹರಡುತ್ತಿರಲಿಲ್ಲ.

ಕೊನೆಗೆ 1967ರ ತಿದ್ದುಪಡಿ ಬಂದಿತು. ಹಿಂದಿಯನ್ನು ಅಧಿಕೃತ ಭಾಷೆಯಾಗಿ ಸ್ವೀಕರಿಸದ ರಾಜ್ಯಗಳೊಡನೆ ಕೇಂದ್ರವು ನಡೆಸುವ ಪತ್ರವ್ಯವಹಾರದಲ್ಲಿ ಇಂಗ್ಲಿಷನ್ನು ಬಳಸತಕ್ಕದ್ದು ಎಂಬಲ್ಲಿ 'ಶಾಲ್' ಕಾಣಿಸಿಕೊಂಡಿತು. ಅಂಥ ರಾಜ್ಯಗಳ ಶಾಸನಸಭೆಗಳೆಲ್ಲವೂ ಬೇಡವೆಂದು ನಿರ್ಣಯಿಸುವವರೆಗೆ ಈ ಏರ್ಪಾಡು ನಿಲ್ಲತಕ್ಕದ್ದಲ್ಲವೆಂದೂ ಸೇರಿತು. ಕರ್ನಾಟಕವೂ ಆ ರಾಜ್ಯಗಳಲ್ಲೊಂದು. ಕಲಮಿನ ಮೊದಲ ವಾಕ್ಯದಲ್ಲಿ ಮಾತ್ರ ಹಳೆಯ 'ಮೇ' ಇಂದಿಗೂ ಹಾಗೆಯೇ ಕುಳಿತಿದೆ.