ಕಾಕಾನ ಚಪ್ಪಲಿ ಯಾಕೆ ಜಾರಿತು?

ನಮ್ಮ ಕಾಕಾ ವಿಜಯಪುರದ ಕಡೆಯಿಂದ ಮುಂಬೈಗೆ ಬಂದು ಫರಶಿ ಕೂಡಿಸುವ ಕೆಲಸ ಹಿಡಿದು ಬಹಳ ವರ್ಷಗಳಾದವು. ಹೋದ ಮಳೆಗಾಲದಲ್ಲಿ ಒಂದು ಕೆಲಸ ಬೇಗ ಮುಗಿಸಬೇಕೆಂದು ನಾಲ್ಕು ದಿನ ಬೆಳಗಿನಿಂದ ಸಂಜೆಯತನಕ ಕುಕ್ಕರಗಾಲಿನಲ್ಲೇ ಕೂತಿದ್ದರು. ಐದನೆಯ ದಿನ ನಡೆಯುವಾಗ ಬಲಗಾಲಿನ ಚಪ್ಪಲಿ ತಾನಾಗಿಯೇ ಜಾರಿ ಬಿತ್ತು. "ತಮ್ಮಾ, ಪಾದ ಮ್ಯಾಲೆ ಏಳವಲ್ದು ನೋಡು. ನೋವಿಲ್ಲ, ಏನಿಲ್ಲ" ಅಂದರು.

ಮನೆಯಲ್ಲಿ ಎಲ್ಲರಿಗೂ ಲಕ್ವಾದ ಭಯ. ಓಣಿಯ ಡಾಕ್ಟರು ಸೊಂಟದ ನರ ಎಂದು ಸೂಜಿ ಚುಚ್ಚಿದರು. ಕಡೆಗೆ ಒಂದು ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರಮ್ಮ ಕಾಲು ಮುಟ್ಟುವ ಮೊದಲೇ ಕೇಳಿದರು: ಏನು ಕೆಲಸ? ಹೇಗೆ ಕೂತು ಮಾಡುತ್ತೀರಿ? ಕಾಕಾ ಅಲ್ಲೇ ನೆಲದ ಮೇಲೆ ಕೂತು ತೋರಿಸಿದರು. ಕಾರಣ ಸಿಕ್ಕಿತು.

ಗೆಳೆಯರೇ, ನಿಮ್ಮ ಮೊಣಕಾಲಿನ ಹೊರಮಗ್ಗುಲಿಗೆ, ತುಸು ಕೆಳಗೆ ಬೆರಳಿಟ್ಟು ನೋಡಿ. ಎಲುಬಿನ ಒಂದು ಗಂಟು ಸಿಗುತ್ತದೆ. ಅದರ ಕೆಳಗೇ ಎಲುಬನ್ನು ಬಳಸಿಕೊಂಡು ಪೆರೋನಿಯಲ್ ನರ ಹೋಗುತ್ತದೆ. ಪಾದ ಮೇಲೆತ್ತುವ ಸ್ನಾಯುಗಳಿಗೆ ಅಪ್ಪಣೆ ಒಯ್ಯುವುದು ಅದೇ. ಆ ಜಾಗದಲ್ಲಿ ಅದಕ್ಕೆ ಚರ್ಮ ಬಿಟ್ಟರೆ ಹೆಚ್ಚಿನ ಹೊದಿಕೆಯಿಲ್ಲ. ಕುಕ್ಕರಗಾಲಿನಲ್ಲಿ ಕೂತಾಗ ಅದು ಎಲುಬಿಗೂ ಸ್ನಾಯುಗಳಿಗೂ ನಡುವೆ ಅಮುಕಿಹೋಗುತ್ತದೆ.

ನರಕ್ಕೂ ರಕ್ತ ಬೇಕು. ಸ್ವಲ್ಪ ಹೊತ್ತು ತಪ್ಪಿದರೆ ಜೋಮು; ಕಾಲು ಝಾಡಿಸಿದರೆ ಹೋಯಿತು. ಗಂಟೆಗಟ್ಟಲೆ ಅಮುಕಿದರೆ ನರದ ಮೇಲಿನ ಮೈಲಿನ್ ಎಂಬ ಕವಚ ಕೆಡುತ್ತದೆ. ಅದು ಸರಿಹೋಗಲು ವಾರಗಳೋ ಕೆಲವು ತಿಂಗಳುಗಳೋ ಬೇಕು. ಒಳಗಿನ ಎಳೆಗಳೇ ಕೆಟ್ಟರೆ ಅವು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮತ್ತೆ ಬೆಳೆಯಬೇಕು. ಎಲ್ಲರಿಗೂ ಪೂರ್ತಿ ಗುಣವಾಗುತ್ತದೆಂದೂ ಹೇಳಲಾಗದು.

ಇದು ಕಾಲಿನ ಕಥೆಯಷ್ಟೇ ಅಲ್ಲ. ಮಣಿಕಟ್ಟು ಬಗ್ಗಿಸಿ, ಬಿಗಿಯಾಗಿ ಹಿಡಿದು ದಿನವಿಡೀ ದುಡಿಯುವವರಿಗೆ ಹೆಬ್ಬೆರಳಿನ ಕಡೆಯ ಮೂರೂವರೆ ಬೆರಳು ಮರಗಟ್ಟಬಹುದು. ಮೇಜಿಗೆ ಮೊಣಕೈ ಊರಿ ರಾತ್ರಿಯೆಲ್ಲ ಓದುವ ನಮಗೆ ಕಿರುಬೆರಳು ಜುಮ್ಮೆನ್ನಬಹುದು. ಜೋಮು ಮತ್ತೆ ಮತ್ತೆ ಬಂದರೆ, ಹಿಡಿತ ಸಡಿಲವಾದರೆ, ತಡಮಾಡದೆ ಡಾಕ್ಟರಿಗೆ ತೋರಿಸಿ. ನಿಮ್ಮ ಕೆಲಸವನ್ನು ಅವರು ಕೇಳದಿದ್ದರೆ ನೀವೇ ಹೇಳಿ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಝ್ಝಿನಿ 1700ರಲ್ಲಿ ಕಸುಬುಗಳ ರೋಗಗಳನ್ನು ಕುರಿತು ಪುಸ್ತಕ ಬರೆದು, ರೋಗಿಗೆ ಅವನ ಕಸುಬು ಯಾವುದೆಂದು ಕೇಳಬೇಕೆಂದು ಹೇಳಿದ್ದ. ಓಣಿಯ ಡಾಕ್ಟರಿಗೆ ಆ ಮಾತು ಇನ್ನೂ ಮುಟ್ಟಿಲ್ಲ!

ಕಾಕಾ ಪಾದಕ್ಕೆ ಪಟ್ಟಿ ಕಟ್ಟಿಕೊಂಡು, ವ್ಯಾಯಾಮ ಮಾಡಿ, ಮೂರು ತಿಂಗಳಿಗೆ ಸರಿಹೋದರು. ಆ ಮೂರು ತಿಂಗಳ ಕೂಲಿ ಹೋಯಿತು; ತಂಗಿಯ ಫೀಗೆ ಕಾಕುವಿನ ಬಳೆ ಹೋದವು. ಈಗ ಮಣೆಯ ಮೇಲೆ ಕೂತು, ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಿ ಬರಬೇಕೆಂದು ಡಾಕ್ಟರಮ್ಮನ ಕಟ್ಟಪ್ಪಣೆ. ಆದರೆ ಫರಶಿಯ ಕೂಲಿ ಚದರ ಅಡಿಯ ಲೆಕ್ಕ. "ಎದ್ರ ರೊಕ್ಕ ಕಡಿಮಿ, ಕೂತ್ರ ಕಾಲು ಹೋಗ್ತದ" ಅನ್ನುತ್ತಾರೆ ಕಾಕಾ. ಆ ಲೆಕ್ಕ ಬದಲಾಗದೆ ಬರೀ ಔಷಧಿಯಿಂದ ಈ ರೋಗ ಹೋಗುವುದಿಲ್ಲ.